ತೂಕಕ್ಕೆ ಬಾರದ ಮಲ್ಲಿಗೆ

ರಾತ್ರಿ ಹನ್ನೊಂದೂವರೆ. ಮೈಸೂರಿನ ಕುವೆಂಪುನಗರದಲ್ಲಿರುವ ತಂಗಿಯ ಮನೆ. ಊಟದ ಮೇಜಿನ ಮೇಲೊಂದು ಥರ್ಮಾಕೋಲ್ ಹಲಗೆ, ಅದರ ತುಂಬ ಮಲ್ಲಿಗೆ ಮೊಗ್ಗು. ಘಮ ಮಾತ್ರ ಇಲ್ಲ. ಪುಡಿಸಕ್ಕರೆ, ಗ್ಲೂಕೋಸ್, ಸಿ.ಎಂ.ಸಿ. ಎಂಬ ಅಂಟುಪುಡಿ ಸೇರಿಸಿ ನಾದಿದ ಮುದ್ದೆಗೆ ಗಮ್‌ಪೇಸ್ಟ್ ಎಂದು ಹೆಸರು. ಅದನ್ನು ಕಡಲೆಕಾಳಿನಷ್ಟು ಚಿವುಟಿ, ಅಂಗೈಯಲ್ಲಿ ಹೊಸೆದು, ಒಂದು ತುದಿ ಚೂಪು ಮಾಡಿ, ಹಲ್ಲುಕಡ್ಡಿಯಿಂದ ಮೂರು ಗೀರು ಎಳೆದು, ಬುಡಕ್ಕೆ ಹಸಿರು ಸವರಿದರೆ ಒಂದು ಮೊಗ್ಗು. ಎರಡು ನಿಮಿಷದ ಕೆಲಸ. ಅಂಥವು 140 ಬೇಕಿತ್ತು. ಅಗ್ರಹಾರದ ಮನೆಯೊಂದರಲ್ಲಿ ಮಾರನೆಯ ದಿನ ಷಷ್ಟಿಪೂರ್ತಿ. ಕೇಕಿನ ಸುತ್ತ ಮೈಸೂರು ಮಲ್ಲಿಗೆಯ ದಂಡೆ ಇರಬೇಕು, ಅದನ್ನೂ ತಿನ್ನುವಂತಿರಬೇಕು ಎಂದು ಅವರ ಬೇಡಿಕೆ.

ಸುಮ್ಮನೆ ಕೂರಲಾರದೆ ನಾನು ಅಷ್ಟೂ ಮೊಗ್ಗನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದೆ. 84 ಗ್ರಾಂ. ಕೇಕ್ ಒಂದೂವರೆ ಕೆ.ಜಿ., ಹೂವೂ ಸೇರಿ. ಕೆ.ಜಿ.ಗೆ 900 ರೂಪಾಯಿ ಎಂದು ಫೋನಿನಲ್ಲೇ ಮಾತಾಗಿತ್ತು. ಅಂದರೆ ಐದು ಗಂಟೆ ಬೆನ್ನು ಬಗ್ಗಿಸಿ ಮಾಡಿದ ಮಲ್ಲಿಗೆಗೆ 75 ರೂಪಾಯಿ 60 ಪೈಸೆ. ಲೆಕ್ಕ ಹೇಳಿದ್ದಕ್ಕೆ ತಂಗಿ ದುರುಗುಟ್ಟಿ ನೋಡಿದಳು. ಲೆಕ್ಕ ತಪ್ಪಿದ್ದರೆ ಬಯ್ಯುತ್ತಿದ್ದಳೇನೋ.

2020ರ ಲಾಕ್‌ಡೌನಿನಲ್ಲಿ ಓವನ್ ಹಚ್ಚಿದ ಎಷ್ಟೋ ಮಂದಿಯಲ್ಲಿ ಅವಳೂ ಒಬ್ಬಳು. ಕೇಕ್ ಅಲಂಕಾರವನ್ನು ಸ್ವಂತ ಉದ್ಯೋಗ ಮಾಡಿಕೊಳ್ಳಬೇಕು ಎಂದು ಹೊರಟವರು ನನ್ನನ್ನು ಅವಳ ಅಕ್ಕ ಎಂದು ಗುರುತು ಹಿಡಿದು ಸಲಹೆ ಕೇಳುವುದುಂಟು. ಯಾವ ಕ್ಲಾಸ್ ಚೆನ್ನ, ಯಾವ ಓವನ್ ಒಳ್ಳೆಯದು, ಯಾವ ಕ್ರೀಮ್ ಎಂದು ಶುರುವಾಗುತ್ತದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನೀವು ಮಾರುವುದು ಏನು? ಕೇಕನ್ನೋ, ಕೈಕೆಲಸವನ್ನೋ? ಕೈಕೆಲಸವಾದರೆ ಅದನ್ನು ತಕ್ಕಡಿಯಲ್ಲಿಟ್ಟು ಮಾರುವುದು ಹೇಗೆ?

ಕೆ.ಜಿ. ಲೆಕ್ಕ ನಮಗೆ ಬಂದದ್ದು ಬೇಕರಿಯಿಂದ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅಲ್ಲಿಂದ ಮುಂದೆ ಅಯ್ಯಂಗಾರ್ ಬೇಕರಿ ಎಂಬುದೇ ಒಂದು ಜಾತಿಯ ಅಂಗಡಿಯಾಗಿ ಊರೂರಿಗೆ ಹಬ್ಬಿತು. ಬನ್ನು, ಬೆಣ್ಣೆ ಬಿಸ್ಕತ್ತು, ಪಲ್ಯದ ಬನ್ನಿನ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದೆರಡು ಬರ್ತ್‌ಡೇ ಕೇಕೂ ಇರುತ್ತಿದ್ದವು. ಬಿಳಿ ಕ್ರೀಮು, ಅಂಚಿಗೆ ಗುಲಾಬಿ ಬಣ್ಣದ ಬಳ್ಳಿ, ನಡುವೆ ಕೆಂಪು ಜೆಲ್ಲಿಯಲ್ಲಿ ಹೆಸರು. ಬೇಕರಿಯವರ ಕೈ ಅದಕ್ಕೆ ಎಷ್ಟು ಪಳಗಿರುತ್ತದೆಂದರೆ ಹತ್ತು ನಿಮಿಷಕ್ಕೊಂದು ಕೇಕು ಮುಗಿಯುತ್ತದೆ. ಎಲ್ಲ ಕೇಕೂ ಒಂದೇ ಥರ, ಎಲ್ಲಕ್ಕೂ ಒಂದೇ ಹೊತ್ತು. ಅಂಥ ಕಡೆ ಕೆ.ಜಿ. ಲೆಕ್ಕ ನ್ಯಾಯವಾದದ್ದೇ.

ದೊಡ್ಡ ಕೇಕುಗಳ ಚರಿತ್ರೆಯನ್ನು ನೋಡಿದರೂ ಜನ ನೆನಪಿಟ್ಟದ್ದು ತೂಕವನ್ನೇ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡ್ ಎಂದು ಬರೆದಿಟ್ಟರು. 2022ರಲ್ಲಿ ಪುಣೆಯ ಪ್ರಾಚಿ ಧಬಲ್ ದೇಬ್ ಮೊಟ್ಟೆಯಿಲ್ಲದ ರಾಯಲ್ ಐಸಿಂಗಿನಲ್ಲಿ ಮಿಲಾನ್ ಕೆಥೆಡ್ರಲ್ಲನ್ನು ಜಾಲರಿ ಜಾಲರಿಯಾಗಿ ಎಬ್ಬಿಸಿ ದಾಖಲೆ ಮಾಡಿದಾಗಲೂ ತಲೆಬರಹಕ್ಕೆ ಬಂದದ್ದು 100 ಕೆ.ಜಿ. ಎಂಬ ಅಂಕಿ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯುವ ಕೇಕ್ ಪ್ರದರ್ಶನಕ್ಕೆ ಹೋದವರಿಗೆ ಗೊತ್ತು, ಪ್ರತಿ ಸಕ್ಕರೆ ಗೋಪುರದ ಪಕ್ಕದ ಫಲಕದಲ್ಲೂ ತೂಕವನ್ನು ಬರೆದಿರುತ್ತಾರೆ. ಎಷ್ಟು ರಾತ್ರಿ ನಿದ್ದೆಗೆಟ್ಟರು ಎಂಬುದಕ್ಕೆ ಯಾವ ಮಾಪಕವೂ ಇಲ್ಲ.

ನಮ್ಮಲ್ಲಿ ಬೇರೆ ಕೈಕೆಲಸಗಳಿಗೆ ಮಾಪಕ ಇದೆಯಲ್ಲ! ಮದುವೆಮನೆಗೆ ಬರುವ ಮೆಹೆಂದಿ ಹುಡುಗಿ ಮೊಣಕೈವರೆಗೆ ಇಷ್ಟು, ಮುಂಗೈಗೆ ಇಷ್ಟು ಎನ್ನುತ್ತಾಳೆ. ಕೋನಿನ ತೂಕ ಹೇಳುವುದಿಲ್ಲ. ರವಿಕೆಗೆ ಆರಿ ವರ್ಕ್ ಮಾಡುವವರು ಬಟ್ಟೆಯ ಮೀಟರ್ ಲೆಕ್ಕ ಹಿಡಿಯುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಬಿಡಿ ಹೂವು ತೂಕಕ್ಕೆ, ಕಟ್ಟಿದ ಹೂವು ಮೊಳಕ್ಕೆ. ಕಟ್ಟಿದ ಕೂಡಲೇ ಮಾಪಕವೇ ಬದಲಾಗುತ್ತದೆ. ಈ ವಿವೇಕ ಕೇಕಿನ ಅಂಗಡಿಗೆ ಇನ್ನೂ ಬಂದಿಲ್ಲ.

ಕಲಿಕೆಯ ವಿಷಯ ನಾನು ಬೇಗ ಮುಗಿಸುತ್ತೇನೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಇದೆ, ಮೈಸೂರಿನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾಲಯ ಸಿ.ಎಫ್.ಟಿ.ಆರ್.ಐ. ಇದೆ. ಖಾಸಗಿ ಕ್ಲಾಸುಗಳಿಗಂತೂ ಲೆಕ್ಕವಿಲ್ಲ. ಆದರೆ ಕೈ ಪಳಗುವುದು ಮನೆಯಲ್ಲೇ. ತಂಗಿ ಮೊದಲ ಎರಡು ತಿಂಗಳು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿಕೊಂಡು, ಡಾಲ್ಡಾಕ್ಕೆ ಪುಡಿಸಕ್ಕರೆ ಕಲಸಿದ ಅಗ್ಗದ ಕ್ರೀಮಿನಲ್ಲಿ ಸಾಲು ಸಾಲು ಶಂಖ, ಗುಲಾಬಿ, ಎಲೆ ಬಿಡುತ್ತಿದ್ದಳು. ತಟ್ಟೆ ತುಂಬಿದರೆ ಹೆರೆದು ಮತ್ತೆ ಕೋನಿಗೆ. ಅದೇ ಕ್ರೀಮು ಎಪ್ಪತ್ತು ಸಲ ಗುಲಾಬಿಯಾಗಿರಬೇಕು. ಎಳೆ ಒಂದೇ ಸಮ ಬರಬೇಕಾದರೆ ಒತ್ತು ಕೊಡುವ ಬೆರಳು, ಸಾಗುವ ಕೈ ಎರಡೂ ಹೊಂದಬೇಕು. ರಂಗೋಲಿ ಇಡುವವರಿಗೆ, ಮೆಹೆಂದಿ ಹಾಕುವವರಿಗೆ ಇದು ಬೇಗ ಬರುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆದವರಿಗೆ ಪಾಕದ ಹದ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಜ್ಜಿ ಕುಸುರೆಳ್ಳು ಮಾಡುವಾಗ ಕೆಂಡದ ಮೇಲೆ ತಟ್ಟೆಯಿಟ್ಟು, ಚಮಚ ಚಮಚ ಪಾಕ ಬಿಟ್ಟು, ಎಳ್ಳಿಗೆ ಮುಳ್ಳು ಮುಳ್ಳಾಗಿ ಸಕ್ಕರೆ ಹಿಡಿಸುತ್ತಿದ್ದಳು. ಎರಡು ಮೂರು ದಿನದ ತಾಳ್ಮೆ ಅದು. ಅದಕ್ಕೂ ಯಾರೂ ಕೂಲಿ ಕೊಟ್ಟಿರಲಿಲ್ಲ ಎನ್ನುವುದು ಬೇರೆ ಮಾತು.

ಸಾಮಾನಿನ ಆಸೆಗೆ ಬೀಳಬೇಡಿ. ತಿರುಗುವ ಮಣೆ, ಉದ್ದನೆಯ ಪ್ಯಾಲೆಟ್ ಚಾಕು, ಒಂದು ಸ್ಕ್ರೇಪರ್, ನಾಲ್ಕಾರು ನಾಜಲ್, ಒಂದು ಗ್ರಾಂ ತೋರಿಸುವ ತಕ್ಕಡಿ, ಓವನಿನೊಳಗೆ ಇಡುವ ಥರ್ಮಾಮೀಟರು. ಇಷ್ಟು ಸಾಕು. ಕೊನೆಯದನ್ನು ಹೆಚ್ಚಿನವರು ಕೊಳ್ಳುವುದಿಲ್ಲ, ಗುಂಡಿ 180 ಎಂದು ತೋರಿಸಿದರೆ ಒಳಗೂ 180 ಇದೆಯೆಂದೇ ನಂಬುತ್ತಾರೆ. ತಂಗಿಯ ಕಪಾಟಿನಲ್ಲಿ ಒಂದೇ ಸಲ ಬಳಸಿದ ಹದಿನೇಳು ಸಿಲಿಕೋನ್ ಅಚ್ಚುಗಳಿವೆ. ಒಂದು ಡೈನೋಸಾರಿನದು.

ನಿಜವಾಗಿ ಕಾಡುವುದು ಹವೆ. ಮನೆಯಲ್ಲಿ ಕೇಕ್ ಮಾಡುವವರು 'ಕ್ರೀಮ್' ಎಂದು ಕರೆಯುವುದು ಬಹುಪಾಲು ಹಾಲಿನ ಕೆನೆಯಲ್ಲ. ತಾಳೆಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ವಿಪ್ಪಿಂಗ್ ಕ್ರೀಮು. ಅಂಗಡಿಯಲ್ಲಿ ಹೆಪ್ಪುಗಟ್ಟಿದ ಡಬ್ಬವಾಗಿ ಸಿಗುತ್ತದೆ. ಫ್ರಿಜ್ಜಿನ ಕೆಳಗಣ ತಟ್ಟೆಯಲ್ಲಿ ನಿಧಾನ ಕರಗಿಸಿ, ಇನ್ನೂ ಐಸಿನ ಹರಳು ಇರುವಾಗಲೇ ಕಡೆಯಬೇಕು. ಹದವಾಗಿ ಕಡೆದರೆ ಮೂರು ಪಟ್ಟು ಉಬ್ಬುತ್ತದೆ, ಒಂದು ನಿಮಿಷ ಹೆಚ್ಚಾದರೆ ರವೆರವೆ. ಆಗ ಎರಡು ಚಮಚ ಕಡೆಯದ ಕ್ರೀಮು ಹಾಕಿ ಕೈಯಲ್ಲಿ ತಿರುವಿದರೆ ಒಮ್ಮೊಮ್ಮೆ ದಾರಿಗೆ ಬರುತ್ತದೆ. ಹಾಲಿನ ಕೆನೆಯ ರುಚಿ ಇದಕ್ಕಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ, ಶೇ 25 ಕೊಬ್ಬಿನ ಕೆನೆ ಎಷ್ಟು ಕಡೆದರೂ ಗಟ್ಟಿ ನಿಲ್ಲುವುದಿಲ್ಲ. ಶೇ 30ರ ಮೇಲಾದರೂ ಬೇಕು. ಬೆಣ್ಣೆಯ ಬಟರ್‌ಕ್ರೀಮೂ ಇದೆ. ಬೆಣ್ಣೆ ಕರಗುವುದು ಹೆಚ್ಚುಕಡಿಮೆ 32ರಿಂದ 35 ಡಿಗ್ರಿಯಲ್ಲಿ, ಮೈಸೂರಿನ ಏಪ್ರಿಲ್ ಮಧ್ಯಾಹ್ನವೂ ಅಲ್ಲೇ ಸುಳಿದಾಡುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಚಿತ್ರೀಕರಿಸಿದ ವಿಡಿಯೋ ನೋಡಿ ಕಲಬುರಗಿಯ ಮೇ ತಿಂಗಳಲ್ಲಿ ಮೂರಂತಸ್ತಿನ ಕೇಕ್ ಕಟ್ಟಲು ಹೊರಟವರ ಪಾಡು ಹೇಳುವುದು ಬೇಡ. ಮಂಗಳೂರಿನವರ ಗೋಳು ಇನ್ನೊಂದು ಥರ, ಅಲ್ಲಿ ಬಿಸಿಲಿಗಿಂತ ಗಾಳಿಯ ತೇವವೇ ಶತ್ರು.

ತೇವದ ಪಾಠ ನಮಗೂ ಆಗಿದೆ. ಒಂದು ದಸರೆಯಲ್ಲಿ ಐದು ವರ್ಷದ ಹುಡುಗನಿಗೆ ಅಂಬಾರಿ ಹೊತ್ತ ಆನೆಯ ಕೇಕು. ಆನೆ ಫಾಂಡೆಂಟಿನದು, ಅಂದರೆ ಹಪ್ಪಳದ ಹಿಟ್ಟಿನಂತೆ ಲಟ್ಟಿಸಬಹುದಾದ ಸಕ್ಕರೆಯ ಕಣಕ. ಮುದ್ದಾಗಿ ಬಂದಿತ್ತು. ಹಾಳಾಗಬಾರದೆಂದು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟಳು. ಹೊರಗೆ ಮಳೆ ಹಿಡಿದಿತ್ತು. ಬೆಳಿಗ್ಗೆ ತೆಗೆದು ಹೊರಟಾಗ ಆನೆ ಬೆವರತೊಡಗಿತು. ತಣ್ಣನೆಯ ಮೈಗೆ ಹೊರಗಿನ ತೇವ ಹನಿಗಟ್ಟುತ್ತದೆ, ಸಕ್ಕರೆ ಆ ಹನಿಯನ್ನೇ ಹೀರಿ ಮೆತ್ತಗಾಗುತ್ತದೆ. ಅಂಬಾರಿಯ ಹಳದಿ ಇಳಿದು ಬೂದು ಮೈಗೆ ಬಂತು. ಆ ಮನೆಯ ಗೇಟಿನಲ್ಲಿ ಸೊಂಡಿಲು ಕಳಚಿ ಬೋರ್ಡಿನ ಮೇಲೆ ಮಲಗಿತು. ಹುಡುಗ ಮಾತ್ರ ಒಳ್ಳೆಯವನು, ಆನೆ ನಿದ್ದೆ ಮಾಡ್ತಿದೆ ಎಂದ. ಅವನ ಅಪ್ಪ ಅರ್ಧ ದುಡ್ಡು ಹಿಡಿದುಕೊಂಡರು. ಆಮೇಲಿಂದ ಬೊಂಬೆಗಳು ಫ್ರಿಜ್ಜಿಗೆ ಹೋಗುವುದೇ ಇಲ್ಲ. ಒಣಗಿಸಿ ರಟ್ಟಿನ ಡಬ್ಬದಲ್ಲಿಟ್ಟು, ಗಿರಾಕಿಯ ಮನೆಯ ಮೇಜಿನ ಮೇಲೆಯೇ ಕೇಕಿಗೆ ಏರಿಸುತ್ತಾಳೆ. ಕೇಕನ್ನು ಫ್ರಿಜ್ಜಿನಿಂದ ತೆಗೆದರೂ ಪೆಟ್ಟಿಗೆಯನ್ನು ಕೂಡಲೇ ತೆರೆಯುವುದಿಲ್ಲ. ಹನಿ ರಟ್ಟಿನ ಮೇಲೆ ಕೂರಲಿ ಎಂದು.

ತೂಕದ ಲೆಕ್ಕ ನಿಜಕ್ಕೂ ಬೇಕಾದ ಜಾಗ ಒಂದಿದೆ: ಬಣ್ಣ. ಅದೂ ಮಿಲಿಗ್ರಾಂ ಲೆಕ್ಕ. ನಮ್ಮ ದೇಶದಲ್ಲಿ ತಿನಿಸಿಗೆ ಹಾಕಲು ಅನುಮತಿ ಇರುವ ಕೃತಕ ಬಣ್ಣಗಳು ಬೆರಳೆಣಿಕೆಯವು, ಕೇಕಿನಂಥ ತಿನಿಸಿಗೆ ಕೆ.ಜಿ.ಗೆ 100 ಮಿಲಿಗ್ರಾಂ ಮೀರಬಾರದು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಎಲ್ಲರ ಬಾಯಿಗೆ ಬಂತು. ಗೋಬಿ ಮಂಚೂರಿ, ಬಾಂಬೆ ಮಿಠಾಯಿಯ ಬಣ್ಣಕ್ಕೆ ನಿಷೇಧ ಬಿದ್ದದ್ದೂ ಅದೇ ವರ್ಷದ ಮಾರ್ಚಿನಲ್ಲಿ. ಕೇಕಿನ ಸುದ್ದಿ ಬಂದ ವಾರ ತಂಗಿಗೆ ಬಂದ ಫೋನುಗಳಲ್ಲಿ ಅರ್ಧ ಆರ್ಡರು ರದ್ದು ಮಾಡಲು, ಇನ್ನರ್ಧ ಅವಳನ್ನು ಸಿ.ಐ.ಡಿ. ಥರ ವಿಚಾರಿಸಲು. ಕಡುಗೆಂಪು ಬೇಕು ಎಂದಾಗ ಕಸುಬುದಾರರು ಬಣ್ಣ ಸುರಿಯುವುದಿಲ್ಲ, ಹೊತ್ತು ಕೊಡುತ್ತಾರೆ: ಜೆಲ್ ಬಣ್ಣ ಹಾಕಿದ ಕ್ರೀಮು ರಾತ್ರಿ ಕಳೆದರೆ ತಾನೇ ಗಾಢವಾಗುತ್ತದೆ. ಕಪ್ಪಿಗೆ ಮೊದಲು ಕೋಕೋ, ಕೊನೆಯಲ್ಲಿ ಚೂರು ಬಣ್ಣ. ಹೊಳೆಯುವ ಪುಡಿ ಕೊಳ್ಳುವಾಗ ಡಬ್ಬದ ಮೇಲೆ 'ವಿಷವಲ್ಲ' ಎಂದಿದ್ದರೆ ಸಾಲದು, 'ತಿನ್ನಬಹುದು' ಎಂದೇ ಬರೆದಿರಬೇಕು. ವಿಷವಲ್ಲದ್ದು ಸೀಮೆಸುಣ್ಣವೂ ಹೌದಲ್ಲ. ನಿಜವಾದ ಹೂವು ಚುಚ್ಚುವವರೂ ಇದ್ದಾರೆ. ಮಾರುಕಟ್ಟೆಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ, ಕಣಗಿಲೆಯಂತೂ ವಿಷವೇ.

ಕಾಗದಪತ್ರ ಜನ ಹೆದರುವಷ್ಟು ಕಷ್ಟವಲ್ಲ. ಸಣ್ಣ ವಹಿವಾಟಿನ ಮನೆ ಉದ್ಯಮಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್.ಎಸ್.ಎಸ್.ಎ.ಐ.) ನೋಂದಣಿ ಸಾಕು, ಶುಲ್ಕವೂ ಅಲ್ಪ. 14 ಅಂಕಿಯ ಸಂಖ್ಯೆ ಬರುತ್ತದೆ. 'ನಾವು ಮಾಡಿಸಿಕೊಡ್ತೀವಿ ಮೇಡಂ' ಎನ್ನುವವರು ಕೇಳುವ ಸಾವಿರಗಳಿಗೆ ಅರ್ಥವಿಲ್ಲ. ಜಿ.ಎಸ್.ಟಿ. ನೋಂದಣಿ ಸರಕಿನ ವಹಿವಾಟು 40 ಲಕ್ಷ ದಾಟಿದ ಮೇಲಿನ ಮಾತು. 2025ರ ಜುಲೈಯಲ್ಲಿ ಯು.ಪಿ.ಐ. ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆಲ್ಲ ನೋಟಿಸು ಬಂದದ್ದು ನೆನಪಿದ್ದರೆ, ಮನೆಯ ಖಾತೆಗೂ ಕೇಕಿನ ಖಾತೆಗೂ ನಡುವೆ ಗೋಡೆ ಎಬ್ಬಿಸುವುದು ಕ್ಷೇಮ ಎನ್ನುವುದೂ ಹೊಳೆಯುತ್ತದೆ. ಕಾನೂನಿಗಿಂತ ಸೂಕ್ಷ್ಮವಾದದ್ದು ಗಿರಾಕಿಯ ನಂಬಿಕೆ. ನಮ್ಮ ಕಾನೂನಿನಲ್ಲಿ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿದೆ. ಅಗ್ರಹಾರದ ಮನೆಗಳಿಗೆ ಎಗ್‌ಲೆಸ್ ಎಂದು ಹತ್ತು ಸಲ ಹೇಳಿ ಮಾರುವವರು ಮೇಲೆ ಹೊದಿಸುವ ಫಾಂಡೆಂಟಿನ ಡಬ್ಬವನ್ನು ತಿರುಗಿಸಿ ನೋಡಿರುವುದಿಲ್ಲ. ಅದರಲ್ಲಿ ಜೆಲಟಿನ್ ಇದ್ದರೆ ಅದು ಪ್ರಾಣಿಗಳ ಮೂಳೆ, ಚರ್ಮದ್ದು. ಕೇಕಿನೊಳಗೆ ಮೊಟ್ಟೆ ಇಲ್ಲದಿದ್ದರೇನು ಬಂತು? ತಂಗಿ ಗಮ್‌ಪೇಸ್ಟನ್ನು ತಾನೇ ನಾದಿಕೊಳ್ಳಲು ಶುರು ಮಾಡಿದ್ದು ಇದಕ್ಕೇ.

ಇನ್ನು ದುಡ್ಡು. ಷಷ್ಟಿಪೂರ್ತಿಯ ಕೇಕಿನ ಪುಟ ಅವಳ ನೋಟುಬುಕ್ಕಿನಲ್ಲಿ ಹೀಗಿದೆ. ಮೈದಾ, ಸಕ್ಕರೆ, ಬೆಣ್ಣೆ, ಕಂಡೆನ್ಸ್‌ಡ್ ಮಿಲ್ಕ್, ಕ್ರೀಮು, ಅನಾನಸು ಎಲ್ಲ ಸೇರಿ 430. ಪೆಟ್ಟಿಗೆ ಮತ್ತು ಬೋರ್ಡ್ 90. ಕರೆಂಟು 40, ಪೆಟ್ರೋಲು 30. ಒಟ್ಟು 590. ಬಂದದ್ದು 1,350, ಉಳಿದದ್ದು 760. ಅಲ್ಲಿಗೆ ಅವಳ ಬರಹ ನಿಲ್ಲುತ್ತದೆ, ಪಕ್ಕದಲ್ಲೊಂದು ಸರಿ ಗುರುತು. ನಾನು ಕೆಳಗೆ ಪೆನ್ಸಿಲಿನಲ್ಲಿ ಬರೆದೆ: ಬೇಯಿಸಿ ಆರಿಸುವುದಕ್ಕೆ ಒಂದೂವರೆ ಗಂಟೆ, ಕ್ರೀಮು ಕಡೆದು ಮೊದಲ ಪದರ, ಎರಡನೆಯ ಪದರ ಬಳಿಯುವುದಕ್ಕೆ ಎರಡು, ಹೂವಿಗೆ ಐದು, ಜೋಡಿಸುವುದಕ್ಕೆ ಒಂದು, ಫೋನು ಮತ್ತು ಸಾಗಾಟಕ್ಕೆ ಒಂದೂವರೆ. ಹನ್ನೊಂದು ಗಂಟೆ. ಗಂಟೆಗೆ 69 ರೂಪಾಯಿ. ಓವನಿನ ಸವಕಲು, ಕೆಟ್ಟುಹೋದ ಕ್ರೀಮು, ಸೊಂಡಿಲು ಬಿದ್ದ ಆನೆ ಇದರಲ್ಲಿ ಸೇರಿಲ್ಲ.

ಮನೆಯಿಂದ ಮಾಡುವವರು ಈ ಕೊನೆಯ ಸಾಲನ್ನು ಬರೆಯದಿರಲು ಕಾರಣವಿದೆ. ಮನೆಯಲ್ಲೇ ಇರುತ್ತೀಯಲ್ಲ, ಬಿಡುವಿನಲ್ಲಿ ಮಾಡ್ತೀಯಲ್ಲ ಎಂದು ಸುತ್ತಲಿನವರು ಹೇಳಿ ಹೇಳಿ, ತಮ್ಮ ಹೊತ್ತಿಗೆ ಬೆಲೆಯಿಲ್ಲ ಎಂದು ಅವರೂ ನಂಬಿರುತ್ತಾರೆ. ನಂಟರು ಇನ್ನೂ ಮುಂದೆ: 'ಸಾಮಾನಿನ ದುಡ್ಡು ತಗೋ' ಎನ್ನುತ್ತಾರೆ, ದೊಡ್ಡ ಮನಸ್ಸಿನಿಂದ. ಗಿರಾಕಿ ಅಂಗಡಿಯ ದರ ಹೇಳಿ ಚೌಕಾಸಿ ಮಾಡಿದರೆ ತಪ್ಪು ಅವರದಲ್ಲ. ನಾವೇ ಅಂಗಡಿಯ ಮಾಪಕ ಹಿಡಿದು ನಿಂತಿದ್ದೇವೆ. ಆಮೇಲೆ ಫೋಟೋ ಕಳಿಸಿ 'ಸೇಮ್ ಟು ಸೇಮ್' ಎನ್ನುವವರು. ಫೋಟೋದಲ್ಲಿರುವುದು ಯಾವುದೋ ಹಿಮದ ಊರಿನ ಬಟರ್‌ಕ್ರೀಮು. ಅಂಥವರಿಗೆ ಅವಳೀಗ ಮುಂಗಡ ಅರ್ಧ ಬಂದ ಮೇಲೆ ಮಾತ್ರ ಹೂಂ ಎನ್ನುತ್ತಾಳೆ. ಆಷಾಢದಲ್ಲಿ ನಿಶ್ಚಿತಾರ್ಥದ ಕೇಕು ಇಲ್ಲ, ಹುಟ್ಟುಹಬ್ಬಗಳೇ ಗತಿ. ಡಿಸೆಂಬರಿನಲ್ಲಿ ನಿದ್ದೆ ಇಲ್ಲ. ವರ್ಷವಿಡೀ ಶನಿವಾರ ಸಂಜೆ ಅವಳಿಗೆ ಫೋನು ಮಾಡುವ ಧೈರ್ಯ ನಮ್ಮಮ್ಮನಿಗೂ ಇಲ್ಲ.

ಅಗ್ರಹಾರಕ್ಕೆ ಕೇಕು ಒಯ್ದದ್ದು ನಾನೂ ಅವಳೂ, ಅವಳ ಹಳೆಯ ಕಾರಿನಲ್ಲಿ. ಕೇಕಿಗೆ ಸೀಟು ಆಗದು, ಅದು ಹಿಂದಕ್ಕೆ ಇಳಿಜಾರು. ಕಾಲಿಡುವ ಜಾಗದಲ್ಲಿ ಚಪ್ಪಟೆಯಾಗಿ, ಕೆಳಗೆ ಜಾರದಂತೆ ರಬ್ಬರ್ ಮ್ಯಾಟು. ಪ್ರತಿ ರಸ್ತೆಯುಬ್ಬಿಗೂ ಅವಳು ಉಸಿರು ಬಿಗಿಹಿಡಿಯುತ್ತಾಳೆ. ಹಿಂದೆ ಹಾರ್ನ್ ಹೊಡೆಯುವವರನ್ನು ಕಣ್ಣೆತ್ತಿ ನೋಡುವುದಿಲ್ಲ. ಹನ್ನೆರಡು ನಿಮಿಷದ ದಾರಿಗೆ ಅರ್ಧ ಗಂಟೆ. ಮಲ್ಲಿಗೆ ನನ್ನ ತೊಡೆಯ ಮೇಲೆ, ಬೇರೆ ಡಬ್ಬದಲ್ಲಿ.

ಮನೆಯ ಹಜಾರದಲ್ಲಿ ಕೇಕಿಟ್ಟು, ಮೊಗ್ಗು ಮೊಗ್ಗಾಗಿ ಜೋಡಿ ಸಾಲಿನಲ್ಲಿ ಒಂದು ಸುತ್ತು ಬರಿಸಿದಳು. ಮಕ್ಕಳು ಮೂಗಿಟ್ಟು ಮೂಸಿ ನೋಡಿದರು. ಷಷ್ಟಿಪೂರ್ತಿಯವರ ತಾಯಿ, ಎಂಬತ್ತು ದಾಟಿದವರು, ಕುರ್ಚಿಯಿಂದಲೇ ಬಗ್ಗಿ ಕನ್ನಡಕ ಸರಿಮಾಡಿಕೊಂಡರು. ಒಂದು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿ, 'ಎಷ್ಟು ಮೊಳ ಆಯ್ತಮ್ಮ ಇದು?' ಎಂದು ಕೇಳಿದರು.

ತಂಗಿಗೆ ಉತ್ತರ ಹೊಳೆಯಲಿಲ್ಲ. ಎಂಟಿಂಚಿನ ಕೇಕು, ಸುತ್ತಳತೆ ಇಪ್ಪತ್ತೈದು ಇಂಚು. 'ಒಂದೂವರೆ ಮೊಳ ಇರಬೋದು ಅಜ್ಜಿ' ಅಂದಳು.

'ಒಂದೂವರೆ ಮೊಳ ಕಟ್ಟೋಕೆ ನಂಗೇ ಅರ್ಧ ಗಂಟೆ ಬೇಕು. ನೀನು ಮೊಗ್ಗೂ ಮಾಡಿ, ಕಟ್ಟೂ ಕಟ್ಟಿದೀಯ.'

ವಾಪಸು ಬರುವಾಗ ಕಾರಿನಲ್ಲಿ ಮಾತಿಲ್ಲ. ಆ ವಾರವೇ ಅವಳ ದರಪಟ್ಟಿಯಲ್ಲಿ ಎರಡು ಭಾಗವಾಯಿತು. ಮೇಲೆ ಕೇಕು, ಕೆ.ಜಿ. ಲೆಕ್ಕ. ಕೆಳಗೆ ಕೈಕೆಲಸ: ಬೊಂಬೆ ಒಂದಕ್ಕೆ ಇಷ್ಟು, ಹೆಸರು ಬರೆಯಲು ದುಡ್ಡಿಲ್ಲ, ಸಕ್ಕರೆ ಮಲ್ಲಿಗೆ ಮೊಳಕ್ಕೆ 800. ಪಟ್ಟಿ ನೋಡಿ ಮೂವರಲ್ಲಿ ಇಬ್ಬರು ಮತ್ತೆ ಮಾತಾಡಲಿಲ್ಲ. ಅವಳ ಗಂಡ ಏನೂ ಅನ್ನದೆ ಪೇಪರು ಓದುತ್ತಿದ್ದ. ಹದಿನೈದು ದಿನ ಕಳೆದ ಮೇಲೆ ಸರಸ್ವತಿಪುರಂನಿಂದ ಒಂದು ಸಂದೇಶ ಬಂತು, ಸೀಮಂತಕ್ಕಂತೆ: ಕೇಕು ಒಂದು ಕೆ.ಜಿ. ಸಾಕು, ಮಲ್ಲಿಗೆ ಎರಡು ಮೊಳ ಇರಲಿ.

ಏಳಿಂಚಿನ ಟಿನ್ನಿಗೆ ಎರಡು ಮೊಳ ಒಂದೇ ಸುತ್ತಿನಲ್ಲಿ ಕೂರುವುದಿಲ್ಲ. ಅವಳು ದಾರದುಂಡೆ ತಂದು, ಮೊಣಕೈಯಿಂದ ಬೆರಳ ತುದಿಗೆ ಎರಡು ಸಲ ಅಳೆದು ಕತ್ತರಿಸಿ, ಖಾಲಿ ಟಿನ್ನಿಗೆ ಸುತ್ತಿ ಸುತ್ತಿ ನೋಡುತ್ತ ಕೂತಳು.